ವಾಷಿಂಗ್ಟನ್ನನ ಸರಪಳಿ, ಹಳಿಯಾಳದ ಗುಂಟೆ

ನಮ್ಮ ಹಳಿಯಾಳ, ಮುಂಡಗೋಡ ಕಡೆ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ: ನಲವತ್ತು ಗುಂಟೆ ಸೇರಿದರೆ ಒಂದು ಎಕರೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಐದನೇ ಕ್ಲಾಸಿನಲ್ಲಿರುವ ಅಕ್ಕನ ಮಗಳಿಗೆ ಲೆಕ್ಕ ಹೇಳಿಕೊಡುವಾಗ ಇಷ್ಟನ್ನೇ ಹೇಳಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮೂವತ್ಮೂರೇ ಯಾಕೆ ಮಾಮಾ? ಮೂವತ್ತು ಯಾಕಲ್ಲ?"

ಉತ್ತರ ಹುಡುಕುತ್ತಾ ಹೊರಟವನು ಅಮೆರಿಕದ ಕಾಡಿಗೆ ಹೋಗಿ, ಶ್ರೀರಂಗಪಟ್ಟಣ, ಬೆಂಗಳೂರು ಎಲ್ಲಾ ಸುತ್ತಿ ಮತ್ತೆ ಜೋಯಿಡಾಕ್ಕೇ ಬಂದು ಬಿದ್ದೆ. ಅವಳಿಗೆ ಹೇಳಿದ ಹಾಗೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಮಕ್ಕಳಿದ್ದರೆ ಓದಿ ಹೇಳಿ. ನಿಮಗೆ ಆಗಲೇ ಗೊತ್ತಿರುವುದು ಮಧ್ಯೆ ಬಂದರೆ ಸ್ವಲ್ಪ ಸಹಿಸಿಕೊಳ್ಳಿ :-)

ಮೊದಲು ಸರಪಳಿ. 1620ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಡ್ಮಂಡ್ ಗಂಟರ್ ಅನ್ನೋ ಗಣಿತದ ಮೇಷ್ಟ್ರು ನೆಲ ಅಳೆಯೋಕೆ ಒಂದು ಕಬ್ಬಿಣದ ಸರಪಳಿ ಮಾಡಿಸಿದರು. ಉದ್ದ 66 ಅಡಿ, ಕೊಂಡಿಗಳು ನೂರು. ಈ ವಿಚಿತ್ರ ಅಳತೆಗೆ ಕಾರಣ ಇದೆ. ಹತ್ತು ಚದರ ಸರಪಳಿ ಕೂಡಿದರೆ ಸರಿಯಾಗಿ ಒಂದು ಎಕರೆ ಆಗುತ್ತದೆ, ಅಂದರೆ 43,560 ಚದರಡಿ. ದಶಮಾಂಶ ಬಿಂದುವನ್ನು ಅತ್ತಿತ್ತ ಸರಿಸಿದರೆ ಆಯ್ತು, ಗುಣಾಕಾರದಲ್ಲಿ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ಈ ಸರಪಳಿಯನ್ನು ಅರ್ಧ ಮಾಡಿದರೆ? 33 ಅಡಿ. ಮುಂಬಯಿ ಸರ್ಕಾರದ ಸರ್ವೆಯವರು ಬಳಸಿದ್ದು ಈ ಅರ್ಧ ಸರಪಳಿಯನ್ನೇ. ಆಗ ರೂಪಾಯಿಗೆ ಹದಿನಾರು ಆಣೆ ಇದ್ದ ಹಾಗೆ ಸರಪಳಿಗೂ ಹದಿನಾರು ಆಣೆ ಅಂತ ಭಾಗ ಮಾಡಿದರು. ಒಂದು ಚದರ ಸರಪಳಿ ಒಂದು ಗುಂಟೆ. ನಮ್ಮ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಆ ಪದ್ಧತಿ ಇಲ್ಲಿಗೂ ಬಂತು. ನಿಮ್ಮ ಮನೆಯ ಪಹಣಿ ಪತ್ರಿಕೆ ತೆಗೆದು ನೋಡಿ. ಎಕರೆ, ಗುಂಟೆ ಆದಮೇಲೆ ಆಣೆ ಅಂತ ಇದೆಯಲ್ಲ, ಅದು ದುಡ್ಡಲ್ಲ, ಈ ಸರಪಳಿಯ ತುಂಡು!

ಇದೇ 33 ಅಡಿಯ ಸರಪಳಿಯನ್ನು ನಮಗಿಂತ ನೂರು ವರ್ಷ ಮೊದಲೇ ಅಮೆರಿಕದ ವರ್ಜೀನಿಯಾದಲ್ಲಿ ಎಳೆದಾಡುತ್ತಿದ್ದರು. ಅಲ್ಲಿ ದಟ್ಟ ಕಾಡು, ಗುಡ್ಡ, ಪೊದೆ. 66 ಅಡಿ ಸರಪಳಿ ಎಳೆದರೆ ಮರಕ್ಕೆ ಸಿಕ್ಕಿ ಕೂರುತ್ತಿತ್ತು. ಅದಕ್ಕೇ ಐವತ್ತು ಕೊಂಡಿಯ ಅರ್ಧ ಸರಪಳಿ. ಅದನ್ನು ಹಿಡಿದು ಕಾಡು ಅಲೆದವರಲ್ಲಿ ಜಾರ್ಜ್ ವಾಷಿಂಗ್ಟನ್ ಅನ್ನೋ ಹುಡುಗನೂ ಒಬ್ಬ. ಹೌದು, ಅವನೇ. ಅಮೆರಿಕದ ಮೊದಲ ಅಧ್ಯಕ್ಷ.

ವಾಷಿಂಗ್ಟನ್ ಹುಟ್ಟಿದ್ದು 1732ರಲ್ಲಿ. ಹನ್ನೊಂದು ವರ್ಷಕ್ಕೇ ತಂದೆ ತೀರಿಕೊಂಡರು. ತಂದೆಯ ಹತ್ತಿರ ನೆಲ ಅಳೆಯುವ ಸಾಮಾನುಗಳಿದ್ದವು, ಹುಡುಗ ಆ ಕೆಲಸ ಕಲಿತ. ಹದಿನಾರನೇ ವಯಸ್ಸಿಗೆ, 1748ರಲ್ಲಿ, ಶೆನಾಂಡೋ ಕಣಿವೆ ಅಳೆಯುವ ತಂಡದ ಜೊತೆ ಹೊರಟ. ಅವನ ದಿನಚರಿ ಉಳಿದುಕೊಂಡಿದೆ. ರಾತ್ರಿ ಹುಲ್ಲಿನ ಮೇಲೆ ಮಲಗಿದ್ದು, ಹೊದ್ದ ಹಚ್ಚಡದಲ್ಲಿ ಹೇನು, ಚಿಗಟ ತುಂಬಿದ್ದು, ಎಲ್ಲಾ ಬರೆದಿಟ್ಟಿದ್ದಾನೆ. ಹದಿನೇಳಕ್ಕೆ ಕಲ್ಪೆಪರ್ ಕೌಂಟಿಗೆ ಅಧಿಕೃತ ಸರ್ವೇಯರ್ ಆದ. (ನಮ್ಮಲ್ಲಿ ಆ ವಯಸ್ಸಿಗೆ ಪಿಯುಸಿ.) ಮರುವರ್ಷ ಸ್ವಂತ ದುಡಿಮೆಯ ಹಣದಲ್ಲಿ ಸಾವಿರಕ್ಕೂ ಹೆಚ್ಚು ಎಕರೆ ಖರೀದಿಸಿದ. ಜೀವನದಲ್ಲಿ ಒಟ್ಟು ಇನ್ನೂರರಷ್ಟು ಸರ್ವೆ ಮಾಡಿದವನು.

ಇಲ್ಲಿ ಅಕ್ಕನ ಮಗಳು ಮತ್ತೊಂದು ಪ್ರಶ್ನೆ ಕೇಳಿದಳು. "ಆ ಜಾಗ ಮೊದಲು ಯಾರದ್ದು?" ಅಲ್ಲಿ ತಲೆತಲಾಂತರದಿಂದ ಬೇಟೆಯಾಡಿ, ಜೋಳ ಬಿತ್ತಿ ಬದುಕಿದ್ದ ಮೂಲ ನಿವಾಸಿಗಳದ್ದು. ಅವರ ಹತ್ತಿರ ಸರಪಳಿಯೂ ಇರಲಿಲ್ಲ, ನಕ್ಷೆಯ ಕಾಗದವೂ ಇರಲಿಲ್ಲ. ಈ ಪ್ರಶ್ನೆ ನೆನಪಿಟ್ಟುಕೊಳ್ಳಿ, ಜೋಯಿಡಾಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಸರ್ವೇಯರ್ ಹುಡುಗ ಬೆಳೆದು ಸೇನಾಪತಿಯಾದ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್ ಅನ್ನೋ ಊರಲ್ಲಿ ಬ್ರಿಟಿಷ್ ಸೈನ್ಯ ಅವನಿಗೆ ಶರಣಾಯಿತು. ಸೋತ ಸೇನಾಪತಿಯ ಹೆಸರು ಕಾರ್ನ್‌ವಾಲಿಸ್. ಹೆಸರು ಎಲ್ಲೋ ಕೇಳಿದಂತಿದೆಯಾ? 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡನಲ್ಲ, ಅದೇ ಕಾರ್ನ್‌ವಾಲಿಸ್. ಅಲ್ಲಿ ಸೋತವನು ಇಲ್ಲಿ ಗವರ್ನರ್ ಜನರಲ್ ಆಗಿ ಬಂದಿದ್ದ.

ಯಾರ್ಕ್‌ಟೌನಿನಲ್ಲಿ ಶರಣಾದ ಪಡೆಗಳಲ್ಲಿ 33ನೇ ಕಾಲಾಳು ರೆಜಿಮೆಂಟೂ ಒಂದು. (ಇಲ್ಲೂ 33, ಇದು ಬರೀ ಕಾಕತಾಳೀಯ.) ಅಮೆರಿಕದ ಯುದ್ಧದ ಕಾಲದಲ್ಲೇ ಈ ರೆಜಿಮೆಂಟಿಗೆ ಸೇರಿದ ಒಬ್ಬ ಬಡವರ ಮನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್. ನಮ್ಮ ಕಥೆಯ ನಾಯಕ ಇವನೇ. ಯುದ್ಧ ಮುಗಿದ ಮೇಲೆ ಸೋತ ಕಡೆಯವರು ಉತ್ತರಕ್ಕೆ, ಈಗಿನ ಕೆನಡಾದ ನ್ಯೂ ಬ್ರನ್ಸ್‌ವಿಕ್ ಕಾಡಿಗೆ ವಲಸೆ ಹೋದರು. ಅವರಿಗೆ ಜಾಗ ಅಳೆದು ಹಂಚಿಕೊಡಬೇಕಿತ್ತು. ಲ್ಯಾಂಬ್ಟನ್ ಅಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದ. ಆ ಹಿಮ, ಆ ಕಾಡಿನ ಮಧ್ಯೆ ತನ್ನಷ್ಟಕ್ಕೆ ಗಣಿತದ ಪುಸ್ತಕ ಓದುತ್ತಾ ಸರ್ವೆ ಕಲಿತ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ಅಂತ ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಮಕ್ಕಳೇ, ಗ್ರಹಣವನ್ನು ಬರಿಗಣ್ಣಲ್ಲಿ ನೋಡಬೇಡಿ ಅಂತ ಅಜ್ಜಿ ಹೇಳೋದು ಸುಮ್ಮನೆ ಅಲ್ಲ.

ಆ 33ನೇ ರೆಜಿಮೆಂಟ್ 1797ರಲ್ಲಿ ಭಾರತಕ್ಕೆ ಬಂತು. ಅದರ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ. ಲ್ಯಾಂಬ್ಟನ್ನೂ ಬಂದ, ಆಗಲೇ ವಯಸ್ಸು ನಲವತ್ತು ದಾಟಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದ ವೇಳೆ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ದಾರಿ ತಪ್ಪಿ ಸೀದಾ ಟಿಪ್ಪುವಿನ ಸೈನ್ಯದ ಕಡೆಗೇ ನಡೆಯುತ್ತಿತ್ತು. ಲ್ಯಾಂಬ್ಟನ್ ಆಕಾಶದ ನಕ್ಷತ್ರ ನೋಡಿ "ನಾವು ಹೋಗಬೇಕಾದ್ದು ದಕ್ಷಿಣಕ್ಕೆ, ಹೋಗ್ತಿರೋದು ಉತ್ತರಕ್ಕೆ" ಅಂದನಂತೆ. ದಿಕ್ಸೂಚಿ ತೆಗೆದು ನೋಡಿದರೆ ಹೌದು! ಟಿಪ್ಪು ಸತ್ತ ಮೇಲೆ ಇಡೀ ಮೈಸೂರು ಸೀಮೆ ಕಂಪನಿಯ ಕೈಗೆ ಬಂತು. ಆದರೆ ಸಿಕ್ಕಿದ್ದು ಎಷ್ಟು ಅಂತ ಗೆದ್ದವರಿಗೇ ಗೊತ್ತಿರಲಿಲ್ಲ. ಆಗ ಲ್ಯಾಂಬ್ಟನ್ ವೆಲ್ಲೆಸ್ಲಿಯ ಮುಂದೆ ಒಂದು ಯೋಜನೆ ಇಟ್ಟ: ದೇಶವನ್ನು ಸರಪಳಿಯಲ್ಲಿ ಅಳೆಯೋದು ಬೇಡ, ತ್ರಿಕೋನದಲ್ಲಿ ಅಳೆಯೋಣ.

ತ್ರಿಕೋನದಲ್ಲಿ ಅಳೆಯೋದು ಹೇಗೆ? ದಾಂಡೇಲಿಯಲ್ಲಿ ಕಾಳಿ ನದಿ ದಂಡೆಗೆ ಬನ್ನಿ (ದೊಡ್ಡವರ ಜೊತೆ, ನೀರಿಗೆ ದೂರದಲ್ಲಿ). ನದಿ ಎಷ್ಟು ಅಗಲ ಅಂತ ತಿಳಿಯಬೇಕು. ದಾಟುವ ಹಾಗಿಲ್ಲ, ಯಾಕೆಂದರೆ ಕಾಳಿಯಲ್ಲಿ ಮೊಸಳೆಗಳಿವೆ. ಆಚೆ ದಡದಲ್ಲಿ ಒಂದು ದೊಡ್ಡ ಮತ್ತಿ ಮರ ಇದೆ ಅಂದುಕೊಳ್ಳಿ. ಅದಕ್ಕೆ ನೇರ ಎದುರಾಗಿ ಈಚೆ ದಡದಲ್ಲಿ ಒಂದು ಗೂಟ ಹೊಡೆಯಿರಿ. ಈಗ ದಡದ ಉದ್ದಕ್ಕೂ ನೆಟ್ಟಗೆ ನಡೆಯಿರಿ. ಕಂಪಾಸ್ ಪೆಟ್ಟಿಗೆಯ ಸೆಟ್‌ಸ್ಕ್ವೇರ್ ಹಿಡಿದು, ಒಂದು ಅಂಚು ಗೂಟದ ಕಡೆ ಇಟ್ಟರೆ 45 ಡಿಗ್ರಿಯ ಅಂಚು ಸರಿಯಾಗಿ ಮರವನ್ನು ತೋರಿಸುವ ತನಕ ನಡೆಯಿರಿ. ತೋರಿಸಿತಾ? ನಿಂತುಬಿಡಿ. ಗೂಟದಿಂದ ನೀವು ನಿಂತ ಜಾಗದವರೆಗೆ ಎಷ್ಟು ಅಡಿಯೋ, ನದಿಯ ಅಗಲವೂ ಅಷ್ಟೇ. ನೀರಿಗೆ ಕಾಲಿಡದೆ ನದಿ ಅಳೆದಾಯಿತು.

ಲ್ಯಾಂಬ್ಟನ್ ಮಾಡಿದ್ದೂ ಇದೇ, ನದಿಯ ಬದಲು ದೇಶ. ಒಂದೇ ಒಂದು ಗೆರೆಯನ್ನು ನೆಲದ ಮೇಲೆ ಬಹಳ ಎಚ್ಚರಿಕೆಯಿಂದ ಅಳೆಯಬೇಕು. ಅದರ ಎರಡು ತುದಿಯಿಂದ ದೂರದ ಬೆಟ್ಟವೊಂದರ ಕಡೆ ನೋಡಿ ಕೋನ ಅಳೆದರೆ ಬೆಟ್ಟ ಎಷ್ಟು ದೂರ ಅನ್ನೋದು ಲೆಕ್ಕದಲ್ಲೇ ಸಿಗುತ್ತದೆ. ಹಾಗೆ ಸಿಕ್ಕ ಗೆರೆಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು... ಬೆಟ್ಟದಿಂದ ಬೆಟ್ಟಕ್ಕೆ ಹಾರಿಕೊಂಡು ಹೋಗೋದು. ಸಾವನದುರ್ಗ, ಬಲ್ಲಾಳರಾಯನದುರ್ಗ ಎಲ್ಲಾ ಅವನ ತ್ರಿಕೋನಗಳ ಮೂಲೆಗಳೇ.

ಆ ಮೊದಲ ಗೆರೆ ಬಿದ್ದದ್ದು ಬೆಂಗಳೂರಿನಲ್ಲಿ. 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ. ಉದ್ದ ಸುಮಾರು 7.43 ಮೈಲಿ. ಅವನ ಉಕ್ಕಿನ ಸರಪಳಿ ನೂರು ಅಡಿಯದ್ದು. ಅದೂ ಒಂದು ಕಥೆ: ಬ್ರಿಟಿಷರು ಅದನ್ನು ಚೀನಾದ ಚಕ್ರವರ್ತಿಗೆ ಉಡುಗೊರೆ ಕೊಡಲು ಒಯ್ದಿದ್ದರು, ಅಲ್ಲಿ ಬೇಡವಾದದ್ದು ಸುತ್ತಿ ಬಳಸಿ ಇವನ ಕೈಗೆ ಬಂತು. ಮಕ್ಕಳೇ, ಭಾಗಾಕಾರ ಮಾಡಿ ನೋಡಿ. ಸರಪಳಿಯನ್ನು ಸುಮಾರು 392 ಸಲ ಹಾಸಬೇಕು. ಸಿಕ್ಕಿದ್ದು 58 ದಿನ. ದಿನಕ್ಕೆ ಏಳು ಸಲವೂ ಇಲ್ಲ! ಇಷ್ಟು ನಿಧಾನ ಯಾಕೆಂದರೆ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಸರಪಳಿಯನ್ನು ಮರದ ಪೆಟ್ಟಿಗೆಯ ಸಾಲಿನಲ್ಲಿಟ್ಟು, ನೆರಳು ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಎಷ್ಟು ಬಿಸಿಯಾಗಿದೆ ಅಂತ ಬರೆದುಕೊಂಡು, ಹಿಗ್ಗಿದ್ದನ್ನು ಕಳೆಯಬೇಕು.

ಮುಂದೆ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಗೆರೆ ಅಳೆದು ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತಾ ಬೆಂಗಳೂರಿಗೆ ಬಂದರು. ಲೆಕ್ಕ ಸರಿಯಾ ಅಂತ ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ನೆಲದ ಮೇಲೆ ಹೊಸದಾಗಿ ಗೆರೆ ಅಳೆದರು. ಇನ್ನೂರು ಮೈಲಿ ದೂರದಿಂದ ಲೆಕ್ಕದಲ್ಲಿ ಬಂದ ಉದ್ದಕ್ಕೂ ಸರಪಳಿಯಲ್ಲಿ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ 3.7 ಇಂಚು. ನನಗಂತೂ ಇದನ್ನು ಓದಿದಾಗ ಮೈ ಜುಂ ಅಂದಿತ್ತು. ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವನ್ನು ಬೆಟ್ಟ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ, ಉಳಿದ ತಪ್ಪು ನಿಮ್ಮ ಬೆರಳಿನಷ್ಟು!

ಹಾಗೇ ಮಂಗಳೂರಿನ ಸಮುದ್ರದವರೆಗೂ ತ್ರಿಕೋನ ಮುಟ್ಟಿದಾಗ ಇನ್ನೊಂದು ತಮಾಷೆ ಬಯಲಾಯಿತು. ಮದ್ರಾಸಿನಿಂದ ಮಂಗಳೂರಿಗೆ ನಾನೂರು ಮೈಲಿ ಅಂತ ಹಳೆಯ ನಕ್ಷೆಗಳು ಹೇಳುತ್ತಿದ್ದವು. ನಿಜಕ್ಕೂ ಇದ್ದದ್ದು 360. ನಲವತ್ತು ಮೈಲಿ ಅಗಲದ ದೇಶ ಕಾಗದದ ಮೇಲೆ ಮಾತ್ರ ಇತ್ತು.

ಈಗ ನಮ್ಮ ಕಡೆಗೆ ಬರೋಣ. ಇಂದಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಲ್ಲಾ ಆಗ ಸೋಂದೆ ಸೀಮೆ. ಸೋಂದೆಯ ಅರಸರು ಹೈದರನಿಗೆ ಹೆದರಿ 1760ರ ದಶಕದಲ್ಲೇ ಗೋವೆಗೆ ಹೋಗಿದ್ದರು. 1799ರಲ್ಲಿ ಈ ಸೀಮೆ ಕಂಪನಿಯದ್ದಾಯಿತು. ಪಕ್ಕದ ಧಾರವಾಡ ಇನ್ನೂ ಮರಾಠರದ್ದು. ಅಂದರೆ ಹಳಿಯಾಳ ಗಡಿ ಊರು! ಲ್ಯಾಂಬ್ಟನ್ನನ ಬೆನ್ನಿಗೆ ನಿಂತ ಅದೇ ಆರ್ಥರ್ ವೆಲ್ಲೆಸ್ಲಿಯ ಆ ಕಾಲದ ಕಾಗದಪತ್ರಗಳಲ್ಲಿ ನಮ್ಮ ಹಳಿಯಾಳದ ಹೆಸರು ಮತ್ತೆ ಮತ್ತೆ ಬರುತ್ತದೆ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಒಂದು ಕಾಲಕ್ಕೆ ಹಳಿಯಾಳದ ಕಾವಲಿನ ಚಿಂತೆ ಮಾಡುತ್ತಿದ್ದ ಅನ್ನೋದು ನಮ್ಮ ಎಷ್ಟು ಶಾಲೆಗಳಲ್ಲಿ ಹೇಳ್ತಾರೆ?

1815ರ ಹೊತ್ತಿಗೆ ಲ್ಯಾಂಬ್ಟನ್ನನ ತ್ರಿಕೋನಗಳ ಬಲೆ ಕನ್ಯಾಕುಮಾರಿಯಿಂದ ಮೇಲಕ್ಕೆ, ಪಶ್ಚಿಮದಲ್ಲಿ ಗೋವಾ, ಪೂರ್ವದಲ್ಲಿ ಮಚಲೀಪಟ್ಟಣದ ತನಕ ಹರಡಿತ್ತು. ಆದರೆ ತ್ರಿಕೋನದಲ್ಲಿ ಊರು, ಹಳ್ಳ, ದಾರಿ ಇರೋದಿಲ್ಲ, ಬರೀ ಬೆಟ್ಟದ ತುದಿಗಳು. ಒಳಗಿನ ವಿವರ ತುಂಬಲು ಬೇರೆಯವರು ಊರೂರು ತಿರುಗಬೇಕು. ಸೋಂದೆ ಸೀಮೆಗೆ ಆ ಕೆಲಸ ಮಾಡಿದವನು ಜೇಮ್ಸ್ ಗಾರ್ಲಿಂಗ್ ಎಂಬ ಮದ್ರಾಸಿನ ಸೇನಾಧಿಕಾರಿ. 1810ರ ದಶಕದಲ್ಲಿ ಗೋವೆಯನ್ನು ಅಳೆದು, ಆಮೇಲೆ ಇಲ್ಲಿಗೆ ಬಂದ.

ಅವನ ಕಷ್ಟವನ್ನು ಇಲ್ಲಿಯವರು ಊಹಿಸಿಕೊಳ್ಳಬಹುದು. ಮುಂಡಗೋಡದ ಕೆರೆ, ಗದ್ದೆ ಬಯಲಲ್ಲಿ ಬಾವುಟ ನೆಟ್ಟರೆ ದೂರಕ್ಕೆ ಕಾಣುತ್ತದೆ. ಹಳಿಯಾಳದ ತನಕವೂ ಪರವಾಗಿಲ್ಲ. ದಾಂಡೇಲಿ ದಾಟಿ ಜೋಯಿಡಾ ಕಡೆ ಇಳಿದಿರೋ, ಪಕ್ಕದಲ್ಲಿ ನಿಂತವನೇ ಕಾಣೋದಿಲ್ಲ. ಬೆಟ್ಟದ ತಲೆ ಮೇಲೂ ಮರ. ಕಡಿದು ಜಾಗ ಮಾಡಿಕೊಂಡರೆ ಮಾತ್ರ ಎದುರಿನ ಗುಡ್ಡ ಕಂಡೀತು. ಮಳೆಗಾಲದಲ್ಲಿ ಕೆಲಸವೇ ಇಲ್ಲ. ಮಳೆ ನಿಂತ ಕೂಡಲೇ ಗಾಳಿ ತಿಳಿಯಾಗಿ ದೂರದ ಬೆಟ್ಟ ಚೆನ್ನಾಗಿ ಕಾಣುತ್ತದೆ, ಆದರೆ ಕಾಡಿನ ಚಳಿಜ್ವರ ಹಿಡಿಯೋದೂ ಆಗಲೇ. ಬೇಸಿಗೆಗೆ ಜ್ವರ ಕಮ್ಮಿ, ಆದರೆ ಕಾಡ್ಗಿಚ್ಚಿನ ಹೊಗೆ, ಮಬ್ಬು. ಗಾರ್ಲಿಂಗ್ ಇಲ್ಲಿಂದ ಹೈದರಾಬಾದ್ ಸರ್ವೆಗೆ ಹೋದವನು 1820ರಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಕೊಡಗನ್ನು ಅಳೆದಿದ್ದ ಕಾನರ್, ಅವನೂ ಮರುವರ್ಷ ಹೋದ. ಲ್ಯಾಂಬ್ಟನ್ 1823ರ ಜನವರಿಯಲ್ಲಿ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ, ಕೆಲಸದ ಮೇಲೆ ಹೋಗುತ್ತಿರುವಾಗಲೇ ಸತ್ತ. ಸಮಾಧಿ ಅಲ್ಲೇ ಇದೆ. ಅವನ ಕೆಲಸ ಮುಂದುವರಿಸಿದ ಎವರೆಸ್ಟನ ಹೆಸರನ್ನು ಜಗತ್ತಿನ ಅತಿ ಎತ್ತರದ ಶಿಖರಕ್ಕೇ ಇಟ್ಟರು. ಲ್ಯಾಂಬ್ಟನ್ ಯಾರು ಅಂದರೆ ಬೆಂಗಳೂರಿನವರಿಗೇ ಗೊತ್ತಿಲ್ಲ. ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಉಳಿದಿದ್ದ ಹಳೆಯ ಸರ್ವೆ ಗೋಪುರ ಕೂಡಾ 2024ರಲ್ಲಿ ನೆಲಸಮವಾಯಿತು.

ಇಷ್ಟಾದರೂ ಇವರದ್ದು ಹೆಸರಾದರೂ ಉಳಿಯಿತು. ಸರಪಳಿ ಎಳೆದವರು, ಬೆಟ್ಟದ ಮೇಲೆ ಬಾವುಟ ಹಿಡಿದು ರಾತ್ರಿ ಹಗಲು ಕಾದವರು, ಯಂತ್ರ ಹೊತ್ತವರು, ಕಾಡಲ್ಲಿ ದಾರಿ ತೋರಿಸಿದವರು? ಖಲಾಸಿ, ಕೂಲಿ ಅಂತ ಲೆಕ್ಕದ ಪುಸ್ತಕದಲ್ಲಿ ಸೇರಿಹೋದರು. ಊರಿನ ಹೆಸರು, ಹಳ್ಳದ ಹೆಸರು ಹೇಳಿಕೊಟ್ಟವರು ಅವರೇ ತಾನೇ? ಅಂದ್ಹಾಗೆ, ಮದ್ರಾಸಿನಲ್ಲಿ 1794ರಲ್ಲಿ ಸರ್ವೆ ಶಾಲೆ ತೆರೆದಾಗ ಮೊದಲು ಸೇರಿಸಿಕೊಂಡದ್ದು ಅನಾಥಾಲಯದ ಹುಡುಗರನ್ನು. ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿಯ ಕೈಕೆಳಗೆ ದುಡಿದ ಸಹಾಯಕರೂ ಆ ಶಾಲೆಯಿಂದ ಬಂದ ಹುಡುಗರೇ.

ಈಗ ಆ ಪ್ರಶ್ನೆ, "ಆ ಜಾಗ ಮೊದಲು ಯಾರದ್ದು?" ನಕ್ಷೆ ಮಾಡಿಸಿದ್ದು ನಮ್ಮ ಮೇಲಿನ ಪ್ರೀತಿಗಲ್ಲ. ಕಂದಾಯ ಬೇಕಿತ್ತು, ಸೈನ್ಯಕ್ಕೆ ದಾರಿ ಬೇಕಿತ್ತು. ಹಡಗು ಕಟ್ಟಲು ಪಶ್ಚಿಮ ಘಟ್ಟದ ತೇಗವೂ ಬೇಕಿತ್ತು. ಕಾಳಿ ಕಣಿವೆಯಲ್ಲಿ ಕುಣಬಿಗಳಂಥವರು ಕುಮ್ರಿ ಬೇಸಾಯ ಮಾಡುತ್ತಿದ್ದರು. ಒಂದು ತುಂಡು ಕಾಡು ಕಡಿದು ಸುಟ್ಟು ರಾಗಿ ಬಿತ್ತಿ, ಒಂದೆರಡು ವರ್ಷ ಬೆಳೆದು, ಅದನ್ನು ಮತ್ತೆ ಕಾಡಾಗಲು ಬಿಟ್ಟು ಮುಂದಕ್ಕೆ ಹೋಗೋದು. ಇಂಥ ಹೊಲವನ್ನು ನಕ್ಷೆಯಲ್ಲಿ ಹೇಗೆ ತೋರಿಸ್ತೀರಿ? ಈ ವರ್ಷ ಇಲ್ಲಿ, ಮೂರು ವರ್ಷಕ್ಕೆ ಅಲ್ಲಿ. ಗೆರೆಗೆ ಸಿಗದ ಹೊಲ ಯಾರ ಹೊಲವೂ ಅಲ್ಲ ಅಂತಾಯಿತು. 1860ರಲ್ಲಿ ಮದ್ರಾಸ್ ಸರ್ಕಾರ ಕುಮ್ರಿಗೆ ಕಡಿವಾಣ ಹಾಕಿತು. ತೇಗ ಉಳಿಯಬೇಕು ಅನ್ನುವುದರಲ್ಲಿ ಅರ್ಥವಿತ್ತು ಅನ್ನುವವರಿದ್ದಾರೆ, ನಾನೂ ಪೂರ್ತಿ ಅಲ್ಲಗಳೆಯೋದಿಲ್ಲ. ಆದರೆ ಆ ತೇಗವನ್ನು ಕಡಿದು ಸಾಗಿಸಿದ್ದು ಕುಣಬಿಗಳಂತೂ ಅಲ್ಲ.

ಮುಂಡಗೋಡದ ಒಂದು ಕೊಂಡಿ ಹೇಳಿಬಿಡುತ್ತೇನೆ, ಮಕ್ಕಳಿಗೆ ಇದು ತುಂಬಾ ಇಷ್ಟ. ಲ್ಯಾಂಬ್ಟನ್ ಶುರು ಮಾಡಿದ ಸರ್ವೆ ಹಿಮಾಲಯ ಮುಟ್ಟಿದ ಮೇಲೆ ಟಿಬೆಟನ್ನೂ ಅಳೆಯಬೇಕಾಯಿತು. ಬಿಳಿಯರಿಗೆ ಅಲ್ಲಿ ಪ್ರವೇಶ ಇಲ್ಲ. ಕುಮಾವೂಂ ಗುಡ್ಡಗಾಡಿನ ಶಾಲಾ ಮಾಸ್ತರ ನೈನ್ ಸಿಂಗ್ ರಾವತ್ ವೇಷ ಮರೆಸಿಕೊಂಡು ಹೊರಟರು. ಕೈಯಲ್ಲಿ ಜಪಮಾಲೆ. ಬೌದ್ಧರ ಮಾಲೆಗೆ 108 ಮಣಿ ಇರಬೇಕು, ಇವರದಕ್ಕೆ ನೂರೇ! ನೂರು ಹೆಜ್ಜೆಗೆ ಒಂದು ಮಣಿ ಸರಿಸುತ್ತಾ, ಅಳತೆ ಬರೆದ ಚೀಟಿಗಳನ್ನು ಪ್ರಾರ್ಥನಾ ಚಕ್ರದೊಳಗೆ ಬಚ್ಚಿಡುತ್ತಾ 1866ರ ಜನವರಿಯಲ್ಲಿ ಲಾಸಾ ತಲುಪಿದರು. ಸರಿಯಾಗಿ ನೂರು ವರ್ಷದ ಮೇಲೆ, 1966ರಲ್ಲಿ, ದೇಶ ಬಿಟ್ಟು ಬಂದ ಟಿಬೆಟನ್ನರು ಮುಂಡಗೋಡದಲ್ಲಿ ನೆಲೆಯಾದರು. ಲಾಮಾ ಕ್ಯಾಂಪಿಗೆ ಹೋದಾಗ ಅಲ್ಲಿಯ ಹಿರಿಯರ ಕೈಯ ಜಪಮಾಲೆ ನೋಡಿ. ಆದರೆ ಮಣಿ ಎಷ್ಟಿದೆ ಅಂತ ಎದುರಿಗೇ ಎಣಿಸಲು ಹೋಗಬೇಡಿ, ಚೆನ್ನಾಗಿರೋದಿಲ್ಲ.

ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ ಮೂರೂ 48ಐ ಭಾಗದಲ್ಲಿ ಬರುತ್ತವೆ. ಮುಂಡಗೋಡ ಮಾತ್ರ 48ಎನ್, ಅದೂ ಮೇಲಿನ ಎಡ ಮೂಲೆಯಲ್ಲಿ. 15 ಡಿಗ್ರಿ ಅಕ್ಷಾಂಶ, 75 ಡಿಗ್ರಿ ರೇಖಾಂಶ ಒಂದನ್ನೊಂದು ಕತ್ತರಿಸುವ ಜಾಗ ಮುಂಡಗೋಡ ಪೇಟೆಯಿಂದ ಕೆಲವೇ ಕಿಲೋಮೀಟರ್. ಹಾಗಾಗಿ ಮುಂಡಗೋಡದ ಸುತ್ತಮುತ್ತ ಪೂರ್ತಿ ನೋಡಬೇಕು ಅಂದರೆ 48ಐ, 48ಜೆ, 48ಎಂ, 48ಎನ್ ನಾಲ್ಕನ್ನೂ ನೆಲದ ಮೇಲೆ ಹಾಸಿ ಜೋಡಿಸಬೇಕು. ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಾಡಿ ನೋಡಿ, ಮಜಾ ಇರುತ್ತದೆ.

ಮಾಡುವಾಗ 48ಐನ ಹಳೆಯ ಮುದ್ರಣ ಸಿಕ್ಕರೆ ಅದನ್ನೇ ತಗೊಳ್ಳಿ. ಅದರಲ್ಲಿ ಕಾಳಿಯೂ ಪಾಂಡರಿಯೂ ಕೂಡುವಲ್ಲಿ ಸೂಪಾ ಅಂತ ಒಂದು ಊರು ಇರುತ್ತದೆ, ಊರಿಗೆ ಬರುವ ರಸ್ತೆಗಳೂ ಇರುತ್ತವೆ. ಜೋಯಿಡಾ ತಾಲ್ಲೂಕಿಗೆ ಸೂಪಾ ಅಂತಲೇ ಹೆಸರಿತ್ತು. 1987ರಲ್ಲಿ ಮುಗಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಆ ಊರು ಮುಳುಗಿತು, ಕಚೇರಿಗಳು ಜೋಯಿಡಾಕ್ಕೆ ಬಂದವು. ಹೊಸ ನಕ್ಷೆಯಲ್ಲಿ ಆ ಜಾಗ ನೀಲಿ ಬಣ್ಣ.